ಹೊಲಿಗೆ ಬಿಟ್ಟಿದ್ದೋ, ಬಟ್ಟೆ ಹರಿದಿದ್ದೋ?

ಜೂಡೊ, ಕರಾಟೆ ಕ್ಲಾಸಿನಲ್ಲಿ ಯಾರದ್ದಾದರೂ ಡ್ರೆಸ್ ಪರ್ ಅಂತ ಹರಿದರೆ ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಹೊಸದು ತಗೊಳ್ಳಿ ಅನ್ನುತ್ತಾರೆ. ನಾನು ಹತ್ತಿರ ಹೋಗಿ ಹರಿದ ಜಾಗ ನೋಡುತ್ತೇನೆ. ಸ್ವಲ್ಪ ವಿಚಿತ್ರ ಚಟವೇ ಇದು. ಆದರೆ ಅಲ್ಲಿ ನೋಡಬೇಕಾದ್ದು ಒಂದೇ ಸಂಗತಿ: ಹೊಲಿಗೆ ಬಿಟ್ಟಿದ್ದೋ, ಬಟ್ಟೆ ಹರಿದಿದ್ದೋ?

ಹೊಲಿಗೆ ಬಿಟ್ಟಿದ್ದರೆ ದಾರ ಸೋತಿದೆ, ಬಟ್ಟೆ ಇನ್ನೂ ಗಟ್ಟಿ ಇದೆ ಅಂತ ಅರ್ಥ. ರಾತ್ರಿ ಊಟ ಆದ ಮೇಲೆ ಕೂತು ಮುಗಿಸುವ ಕೆಲಸ. ಹೊಲಿಗೆ ಇದ್ದ ಹಾಗೇ ಇದ್ದು, ಅದರ ಪಕ್ಕದಲ್ಲಿ ಬಟ್ಟೆ ಹರಿದಿದ್ದರೆ ಕತೆ ಬೇರೆ. ಅಲ್ಲಿ ದಾರ ಗೆದ್ದಿದೆ, ಬಟ್ಟೆ ಸೋತಿದೆ. ಅದರ ಮೇಲೆ ಇನ್ನಷ್ಟು ಒತ್ತೊತ್ತಾಗಿ ಹೊಲಿದರೆ ಸೂಜಿ ತೂತುಗಳ ಸಾಲು ಬೀಳುತ್ತದೆ. ಮುಂದಿನ ಸಲ ಬಟ್ಟೆ ಆ ಸಾಲಿನುದ್ದಕ್ಕೂ ಬಾಯಿ ಬಿಡುತ್ತದೆ.

ಮನೆಯಲ್ಲಿ ಮಾಡಿದ ರಿಪೇರಿ ನಿಲ್ಲುವುದಿಲ್ಲ ಅಂತ ಹೇಳುವವರು ಬಹಳ ಮಂದಿ. ಅವರ ಡ್ರೆಸ್ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಹರಿದ ಜಾಗವನ್ನು ಕಬ್ಬಿಣ ಮಾಡಲು ಹೊರಟಿರುತ್ತಾರೆ. ಮೂರು ಸುತ್ತು ಹೊಲಿಗೆ, ಅದರ ಮೇಲೆ ಅಡ್ಡ ಹೊಲಿಗೆ, ಅದರ ಮೇಲೆ ದಪ್ಪ ತೇಪೆ. ಆ ಜಾಗವೇನೋ ಗಟ್ಟಿಯಾಗುತ್ತದೆ. ಎಳೆತ ಮಾತ್ರ ಎಲ್ಲೂ ಹೋಗಿರುವುದಿಲ್ಲ, ತೇಪೆಯ ಅಂಚಿಗೆ ಬಂದು ನಿಂತಿರುತ್ತದೆ. ಅದನ್ನು ಸುತ್ತಲಿನ ಬಟ್ಟೆಗೆಲ್ಲ ಹಂಚುವುದೇ ರಿಪೇರಿ.

ಹಾಗೆ ಹಂಚಬೇಕಾದರೆ ಮೊದಲು ಬಟ್ಟೆ ಎಂಥದ್ದು ಅಂತ ಗೊತ್ತಿರಬೇಕು. ನಾವು ದಿನಾ ಹಾಕುವ ಹತ್ತಿ ಅಂಗಿಯ ಬಟ್ಟೆ ಚದರ ಮೀಟರಿಗೆ 100ರಿಂದ 150 ಗ್ರಾಂ ತೂಗುತ್ತದೆ. ದಪ್ಪನೆಯ ಜೂಡೊ ಜಾಕೆಟ್ಟಿನ ಬಟ್ಟೆ 700 ಗ್ರಾಂ ದಾಟುವುದುಂಟು. ಅದರ ಮೇಲ್ಭಾಗ ಮುಟ್ಟಿ ನೋಡಿ, ಅಕ್ಕಿಕಾಳು ಸಾಲಾಗಿ ಜೋಡಿಸಿದ ಹಾಗೆ ಉಬ್ಬುಬ್ಬಾಗಿರುತ್ತದೆ. ಸೊಂಟದಿಂದ ಕೆಳಗೆ ಅದೇ ಜಾಕೆಟ್ಟು ತೆಳ್ಳಗಾಗಿ, ವಜ್ರದಾಕಾರದ ನೇಯ್ಗೆಗೆ ತಿರುಗುತ್ತದೆ. ಎಳೆದಾಟ ಜಾಸ್ತಿ ಇರುವುದು ಮೇಲೆ, ಹಾಗಾಗಿ ದಪ್ಪವೂ ಮೇಲೆ. ಕರಾಟೆ ಡ್ರೆಸ್ಸಿಗೆ ಈ ಉಬ್ಬು ಇಲ್ಲ. ಅದು ಕ್ಯಾನ್ವಾಸ್ ತರಹದ ಸಾದಾ ನೇಯ್ಗೆ. ಅದರ ತೂಕವನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ: ಹೊಸಬರಿಗೆ 8 ಔನ್ಸ್, ಗಟ್ಟಿ ಬೇಕು ಅನ್ನುವವರಿಗೆ 12 ಅಥವಾ 14. ಟೇಕ್ವಾಂಡೊ ಡ್ರೆಸ್ಸು ಬಹಳ ಸಲ ಹತ್ತಿ ಮತ್ತು ಪಾಲಿಯೆಸ್ಟರ್ ಮಿಶ್ರಣ. ಹಗುರ, ಬೇಗ ಒಣಗುತ್ತದೆ, ಹೆಚ್ಚು ಕುಗ್ಗುವುದಿಲ್ಲ.

ಅಕ್ಕಿಕಾಳಿನ ನೇಯ್ಗೆಗೂ ತೇಪೆಗೂ ಹಳೇ ನಂಟು. ಹಿಂದೆ ಜಪಾನಿನ ರೈತರು, ಮೀನುಗಾರರು ಸವೆದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ ಹಾಕಿ ಬಾಳಿಕೆ ಬರುವಂತೆ ಮಾಡಿಕೊಳ್ಳುತ್ತಿದ್ದರು. ಇದೇ ಸಾಶಿಕೊ ಹೊಲಿಗೆ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗಿನ ಜಪಾನಿನಲ್ಲಿ, ಬೆಂಕಿ ಆರಿಸುವವರು ಹೀಗೆ ಹೊಲಿದ ಪದರದ ಕೋಟನ್ನು ನೀರಲ್ಲಿ ನೆನೆಸಿ ಹಾಕಿಕೊಳ್ಳುತ್ತಿದ್ದರು. ಜೂಡೊ ಜಾಕೆಟ್ಟಿನಲ್ಲಿ ಇವತ್ತು ಮಗ್ಗವೇ ಆ ಹೊಲಿಗೆಯನ್ನು ನೇಯ್ದು ಕೊಡುತ್ತದೆ. ಅಂದರೆ ನೀವು ತೇಪೆ ಹಾಕಲು ಕೂತಿರುವ ಬಟ್ಟೆ ಹುಟ್ಟಿದ್ದೇ ತೇಪೆ ಹಾಕುವವರ ಕೈಯಲ್ಲಿ. ಆ ಹೊಲಿಗೆಯಲ್ಲಿ ಒಂದು ಗಂಟಾಗಲಿ ಒಂದು ಒತ್ತಾದ ಜಾಗವಾಗಲಿ ಎಲ್ಲ ಭಾರ ಹೊರುವುದಿಲ್ಲ, ನೂರಾರು ಸಡಿಲ ಹೊಲಿಗೆಗಳು ಸ್ವಲ್ಪ ಸ್ವಲ್ಪ ಹೊರುತ್ತವೆ. ನಾನು ತೇಪೆಯ ಬಗ್ಗೆ ಹೇಳುವುದೆಲ್ಲ ಅಲ್ಲಿಂದ ಎರವಲು ತಂದಿದ್ದೇ.

ಸೂಜಿ ಹಿಡಿಯುವ ಮೊದಲು ನೀರಿನ ವಿಷಯ ಮಾತಾಡಬೇಕು. ಯಾಕೆಂದರೆ ಬೆವರಲ್ಲಿ ಕೊಳೆತ ಬಟ್ಟೆಗೆ ಯಾವ ಹೊಲಿಗೆಯೂ ನಿಲ್ಲುವುದಿಲ್ಲ. ಅಭ್ಯಾಸ ಮುಗಿಸಿ ಡ್ರೆಸ್ಸನ್ನು ಸುತ್ತಿ ಬ್ಯಾಗಿಗೆ ತುರುಕಿ, ಮಾರನೇ ದಿನ ಸಂಜೆ ನೆನಪಾಗುವ ಜಾತಿಯವರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಅವರು ಬಾಗಿಲಲ್ಲಿರುವಾಗಲೇ ಗೊತ್ತಾಗುತ್ತದೆ. ಒದ್ದೆ ಹತ್ತಿಯಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ್ದೆಲ್ಲ ಇದೆ: ಬೆವರು, ಚರ್ಮದ ಹೊಟ್ಟು, ಮೈಯ ಎಣ್ಣೆ, ಬಿಸುಪು. ಬೂಷ್ಟು ಹಿಡಿದರೆ ವಾಸನೆಯಷ್ಟೇ ಅಲ್ಲ, ಅದು ಹತ್ತಿಯ ಎಳೆಯನ್ನೇ ತಿನ್ನುತ್ತದೆ. ಕಂಕುಳಿನ ಹತ್ತಿರ ಬಟ್ಟೆ ಸುಮ್ನೆ ಎಳೆದರೂ ಬಿಟ್ಟುಕೊಳ್ಳುತ್ತಿದ್ದರೆ ಅದು ಎದುರಾಳಿಯ ಕೈಬಲ ಅಲ್ಲ, ಬ್ಯಾಗಿನ ಕೆಲಸ.

ಒಗೆಯುವುದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ಪ್ರತಿ ಸಲ ಹಾಕಿದ ಮೇಲೂ ಒಗೆಯಬೇಕು. ಪ್ಯಾಂಟಿನ ಲಾಡಿ ಗಂಟು ಹಾಕಿ, ಜಾಕೆಟ್ಟು ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ. ಲಾಡಿಗೆ ಗಂಟು ಹಾಕದೇ ಮೆಷಿನ್ನಿಗೆ ಹಾಕಿ, ಅದು ಸೊಂಟಪಟ್ಟಿಯೊಳಗೆ ಮಾಯವಾಗಿ, ಸೇಫ್ಟಿ ಪಿನ್ ಚುಚ್ಚಿ ಇಂಚಿಂಚಾಗಿ ತಳ್ಳುತ್ತಾ ಕೂರುವ ಸುಖ ಯಾರಿಗೂ ಬೇಡ. ಬಿಳಿ ಮತ್ತು ನೀಲಿ ಬೇರೆ ಬೇರೆ. 1997ರಲ್ಲಿ ಅಂತರರಾಷ್ಟ್ರೀಯ ಜೂಡೊ ಫೆಡರೇಶನ್ ನೀಲಿ ಡ್ರೆಸ್ಸಿಗೆ ಒಪ್ಪಿಗೆ ಕೊಟ್ಟಾಗ ನೋಡುವವರಿಗೆ, ತೀರ್ಪುಗಾರರಿಗೆ ಅನುಕೂಲವಾಯಿತು. ಒಗೆಯುವವರಿಗೆ ಎರಡು ಬಕೆಟ್ ಆಯಿತು. ಕೆಂಡೊ, ಅಂದರೆ ಜಪಾನಿನ ಕತ್ತಿವರಸೆ ಕಲಿಯುವವರ ಕಡುನೀಲಿ ಬಟ್ಟೆಯಂತೂ ಮೊದಮೊದಲು ಬಣ್ಣ ಬಿಡುತ್ತಲೇ ಇರುತ್ತದೆ, ಮೈಗೂ ಹತ್ತುತ್ತದೆ. ಅದನ್ನು ಒಂದನ್ನೇ ತಣ್ಣೀರಲ್ಲಿ ಜಾಲಿಸಬೇಕು.

ತಣ್ಣೀರು ಯಾಕೆ ಅಂದರೆ ಕುಗ್ಗುವ ಭಯಕ್ಕೆ. ಮಗ್ಗದಲ್ಲಿ ಹತ್ತಿಯ ಎಳೆಗಳನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ. ನೀರು ಮತ್ತು ಬಿಸಿ ಸಿಕ್ಕ ಕೂಡಲೇ ಅವು ತಮ್ಮ ಸಹಜ ಅಳತೆಗೆ ಹಿಂದಿರುಗುತ್ತವೆ. 60 ಸೆಂಟಿಮೀಟರ್ ತೋಳು ನೂರಕ್ಕೆ ಐದರಷ್ಟು ಕುಗ್ಗಿದರೆ 3 ಸೆಂಟಿಮೀಟರ್ ಹೋಯಿತು. ಮನೆಯಲ್ಲಿ ಇದು ಸಣ್ಣ ವಿಷಯ. ಜೂಡೊ ಸ್ಪರ್ಧೆಯಲ್ಲಿ ಹಾಗಲ್ಲ. ತೋಳು ಮಣಿಕಟ್ಟಿನವರೆಗೆ ಬರಬೇಕು, ಕೈಗೂ ತೋಳಿನ ಬಟ್ಟೆಗೂ ನಡುವೆ 10ರಿಂದ 15 ಸೆಂಟಿಮೀಟರ್ ಸಡಿಲ ಇರಬೇಕು. ಅಳೆಯುವುದಕ್ಕೆ ಒಂದು ಉಪಕರಣವೇ ಇದೆ. ಎದುರಾಳಿಗೆ ಹಿಡಿಯಲು ಬಟ್ಟೆ ಸಿಗಬೇಕಲ್ಲ, ಅದಕ್ಕೆ.

ಕೆಲವರು ದೊಡ್ಡದಾದ ಡ್ರೆಸ್ಸನ್ನು ಬೇಕೆಂದೇ ಬಿಸಿನೀರಿಗೆ ಹಾಕಿ ಅಳತೆಗೆ ತರುತ್ತಾರೆ. ಮಾಡಬಹುದು. ಆದರೆ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಿಸಿ ಹೆಚ್ಚಿಸುತ್ತಾ, ಒಣಗಿಸಿ, ಹಾಕಿ ನೋಡಿ ಮುಂದೆ ಹೋಗಬೇಕು. ಕುಗ್ಗಿದ್ದನ್ನು ಎಳೆದು ಉದ್ದ ಮಾಡುವ ವಿದ್ಯೆ ಯಾರ ಹತ್ತಿರವೂ ಇಲ್ಲ.

ಬ್ಲೀಚಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕುತ್ತಿಗೆ ಹತ್ತಿರ ಹಳದಿಯಾಯಿತು ಅಂತ ಕ್ಲೋರಿನ್ ಬ್ಲೀಚ್ ಸುರಿಯುತ್ತಾರೆ. ಅದು ಹತ್ತಿಯ ಎಳೆಯನ್ನೇ ಬಡಕಲು ಮಾಡುತ್ತದೆ. ಬಟ್ಟೆಯಲ್ಲಿ ಉಳಿದ ಬೆವರಿನ ಪ್ರೋಟೀನಿನ ಜೊತೆ ಸೇರಿ ಹಳದಿಯನ್ನು ಇನ್ನೂ ಜಾಸ್ತಿ ಮಾಡುವುದೂ ಉಂಟು. ಆಗ ಮತ್ತಷ್ಟು ಬ್ಲೀಚ್! ಹಳದಿ ಹೋಗಬೇಕೆಂದರೆ ಆಕ್ಸಿಜನ್ ಬ್ಲೀಚ್ ಅನ್ನುವ ಪುಡಿ ಬಳಸಿ. ಅದರಲ್ಲಿರುವುದು ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದರೆ ಹೈಡ್ರೊಜನ್ ಪೆರಾಕ್ಸೈಡ್ ಬಿಡುತ್ತದೆ. ತೊಂದರೆ ಏನೆಂದರೆ ಅದಕ್ಕೆ ಬೆಚ್ಚನೆ ನೀರು ಬೇಕು, ನಮ್ಮ ಬಟ್ಟೆಗೆ ತಣ್ಣೀರು ಬೇಕು. ನಾನು ಕಾಲರನ್ನಷ್ಟೇ ಒಂದು ಬೋಗುಣಿಯ ಬೆಚ್ಚನೆ ನೀರಲ್ಲಿ ಅದ್ದಿಟ್ಟು, ಉಳಿದ ಜಾಕೆಟ್ಟನ್ನು ಹೊರಗೆ ಬಿಟ್ಟಿರುತ್ತೇನೆ.

ರಕ್ತದ ಕಲೆಗೆ ತಣ್ಣೀರು, ಅದೂ ತಕ್ಷಣ. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನು ಎಳೆಯೊಳಗೇ ಗಟ್ಟಿಯಾಗಿ ಕೂರುತ್ತದೆ. ಮುಗ್ಗಲು ವಾಸನೆಗೆ ಕೊನೆಯ ನೀರಲ್ಲಿ ಸ್ವಲ್ಪ ಬಿಳಿ ವಿನೆಗರ್ ಹಾಕಬಹುದು. ಇದನ್ನು ಮಾತ್ರ ಕ್ಲೋರಿನ್ ಬ್ಲೀಚಿನ ಜೊತೆ ಎಂದೂ ಬೆರೆಸಬೇಡಿ. ವಿಷಾನಿಲ ಬರುತ್ತದೆ. ಬಟ್ಟೆ ಮೆತ್ತಗೆ ಮಾಡುವ ಸುವಾಸನೆಯ ದ್ರವಗಳು ಬೇಡವೇ ಬೇಡ. ಅವು ಎಳೆಯ ಮೇಲೆ ಪೊರೆ ಕಟ್ಟುತ್ತವೆ, ಆಮೇಲೆ ಬಟ್ಟೆ ಬೆವರು ಹೀರುವುದಿಲ್ಲ. ಕರಾಟೆಯವರಲ್ಲಿ ಕೆಲವರಿಗೆ ಗಂಜಿ ಹಾಕುವ ಹುಚ್ಚು. ಹೊಡೆತಕ್ಕೆ ತೋಳು ಚಟ್ ಅನ್ನಬೇಕು, ಅಲ್ವಾ? ಚಟ್ ಏನೋ ಅನ್ನುತ್ತದೆ. ಗಂಜಿ ಬೂಷ್ಟಿಗೂ ಬಹಳ ಇಷ್ಟ.

ತಣ್ಣೀರಿನ ನಿಯಮ ಮುರಿಯಬೇಕಾದ ಒಂದೇ ಸಂದರ್ಭ ಇದೆ. ಕ್ಲಾಸಿನಲ್ಲಿ ಯಾರಿಗಾದರೂ ಹುಳುಕಡ್ಡಿ ಬಂದಿದ್ದರೆ, ಅಂದರೆ ಮೈಮೇಲೆ ದುಂಡಗೆ ಕೆಂಪಾಗಿ ಹಬ್ಬುವ ಶಿಲೀಂಧ್ರದ ಸೋಂಕು. ಮೈಗೆ ಮೈ ತಾಗುವ ಜೂಡೊ, ಕುಸ್ತಿಯಲ್ಲಿ ಇದು ಸುಲಭವಾಗಿ ಹರಡುತ್ತದೆ. ಉದುರಿದ ಚರ್ಮದ ಹೊಟ್ಟಿನಲ್ಲಿ ಬಟ್ಟೆಯಲ್ಲೇ ಕೂತಿರುತ್ತದೆ. ಬರೀ ತಣ್ಣೀರು ಇದಕ್ಕೆ ಸಾಲದು. 60 ಡಿಗ್ರಿಯ ನೀರಲ್ಲಿ ಒಗೆಯಬೇಕು, ತೋಳು ಕುಗ್ಗಿದರೂ ಸರಿ. ಇಲ್ಲಿ ಬಟ್ಟೆಗಿಂತ ಚರ್ಮ ಮುಖ್ಯ.

ಒಣಗಿಸುವಾಗ ಗಮನ ಕಾಲರಿನ ಮೇಲಿರಲಿ. ಜಾಕೆಟ್ಟಿನ ಬೆನ್ನು ಒಣಗಿ ಎಷ್ಟೋ ಹೊತ್ತಾದ ಮೇಲೂ ಕಾಲರಿನೊಳಗೆ ಒದ್ದೆ ಇರುತ್ತದೆ, ಏಕೆಂದರೆ ಅಲ್ಲಿ ಬಟ್ಟೆ ನಾಲ್ಕಾರು ಪದರ. ಬೆರಳಲ್ಲಿ ಹಿಸುಕಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ನೆನೆದ ಜಾಕೆಟ್ಟು ಭಾರ, ಹಾಗಾಗಿ ತೆಳುವಾದ ತಂತಿಗಿಂತ ದಪ್ಪ ಕೋಲು ಒಳ್ಳೆಯದು. ಎರಡೂ ತೋಳಲ್ಲಿ ಕೋಲು ತೂರಿಸಿದರೆ ಕಂಕುಳಿಗೂ ಗಾಳಿ ಆಡುತ್ತದೆ. ಬಿಸಿಲು ವಾಸನೆಗೆ ಒಳ್ಳೆಯದು, ಆದರೆ ಒಣಗಿದ ಮೇಲೂ ದಿನವಿಡೀ ಬಿಸಿಲಲ್ಲೇ ಬಿಡುವುದು ಹತ್ತಿಗೆ ಒಳ್ಳೆಯದಲ್ಲ.

ಸರಿ, ಈಗ ಸೂಜಿ.

ಒಣಗಿದ ಡ್ರೆಸ್ಸನ್ನು ಮಡಿಸುವ ಮೊದಲು ಒಮ್ಮೆ ಬೆಳಕಿಗೆ ಹಿಡಿಯಿರಿ. ಮಂಡಿ, ಕಂಕುಳು, ತೊಡೆಸಂದು, ಪಕ್ಕದ ಸೀಳಿನ ತುದಿ, ಕಾಲರಿನ ಅಂಚು. ಎಲ್ಲಿ ಬೆಳಕು ಜಾಸ್ತಿ ಬರುತ್ತದೋ ಅಲ್ಲಿ ಮುಂದಿನ ತೂತು. ಇದರಲ್ಲಿ ಒಂದು ತಮಾಷೆ ಇದೆ. ನನ್ನ ಪ್ಯಾಂಟುಗಳಲ್ಲೆಲ್ಲ ಬಲ ಮಂಡಿಯೇ ಮೊದಲು ಸವೆಯುತ್ತದೆ. ಎಸೆತಕ್ಕೆ ಒಳಗೆ ಹೋಗುವಾಗ ನಾನು ಊರುವುದು ಆ ಮಂಡಿಯನ್ನೇ. ಇದನ್ನು ನನಗೆ ಹೇಳಿದ್ದು ಕಲಿಸುವವರಲ್ಲ, ಬಟ್ಟೆ. ಎಡಗೈಯವರ ಜೊತೆ ಹೆಚ್ಚು ಆಡುವವರ ಜಾಕೆಟ್ಟಿನಲ್ಲಿ ಕಾಲರು ಇನ್ನೊಂದು ಬದಿಗೆ ಸವೆದಿರುತ್ತದೆ.

ತೆಳುವಾದ ಜಾಗ ಸಿಕ್ಕರೆ ತೂತು ಬೀಳುವವರೆಗೆ ಕಾಯಬೇಡಿ. ಒಳಗಡೆಯಿಂದ ಒಂದು ಬಟ್ಟೆ ಇಟ್ಟು, ಬಿಡಿಬಿಡಿಯಾಗಿ ಸಾಲು ಸಾಲು ಹೊಲಿಗೆ ಓಡಿಸಿ. ಸಾಲುಗಳ ನಡುವೆ ಅರ್ಧ ಸೆಂಟಿಮೀಟರ್ ಇದ್ದರೆ ಸಾಕು. ಸಾಲುಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲಬಾರದು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಆಗ ಎಳೆತ ಒಂದೇ ಕಡೆ ಬೀಳುವುದಿಲ್ಲ.

ತೂತೇ ಬಿದ್ದಿದ್ದರೆ ತೇಪೆ. ಹಳೇ ಡ್ರೆಸ್ಸಿನ ಬಟ್ಟೆಯಷ್ಟು ಒಳ್ಳೆಯ ತೇಪೆ ಇನ್ನೊಂದಿಲ್ಲ. ಅದು ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ. ಹೊಸ ಬಟ್ಟೆ ಹಾಕುವುದಾದರೆ ಮೊದಲು ಒಗೆದು ಒಣಗಿಸಿ. ಇಲ್ಲದಿದ್ದರೆ ತೇಪೆ ಆಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಮುದುರಿಸುತ್ತದೆ. ಮೂಲ ಬಟ್ಟೆಗಿಂತ ಸ್ವಲ್ಪ ತೆಳುವಾದದ್ದೇ ವಾಸಿ, ದಪ್ಪ ಬೇಡ. ತೂತಿಗಿಂತ ಎಲ್ಲ ಕಡೆಯೂ 3 ಸೆಂಟಿಮೀಟರಾದರೂ ದೊಡ್ಡದಿರಲಿ, ಏಕೆಂದರೆ ತೂತಿನ ಸುತ್ತಲಿನ ಬಟ್ಟೆಯೂ ಸೋತಿರುತ್ತದೆ. ತೇಪೆಯ ಹಾಸು, ಅಂದರೆ ಉದ್ದದ ಎಳೆ, ಮೂಲ ಬಟ್ಟೆಯ ಹಾಸಿನ ದಿಕ್ಕಿಗೇ ಬರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಲ್ಲಿ ಎಳೆತ ಒಟ್ಟಾಗುತ್ತದೆ, ಮೊದಲು ಏಳುವುದೂ ಅದೇ. ತೇಪೆಯನ್ನು ಒಳಗಡೆ ಇಟ್ಟು ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಆಮೇಲೆ ಅಂಚು ಸುತ್ತ ಒಂದು ಸಾಲು, ತೂತಿನ ಸುತ್ತ ಇನ್ನೊಂದು ಸಾಲು.

ಮಂಡಿಗೆ ತೇಪೆ ಹಾಕುವಾಗ ಪ್ಯಾಂಟು ಮೇಜಿನ ಮೇಲೆ ಚಪ್ಪಟೆಯಾಗಿ ಇದ್ದರೆ ಸಾಲದು. ಮಂಡಿ ಮಡಚಿದಾಗ ಬಟ್ಟೆಗೆ ಉದ್ದ ಬೇಕಾಗುತ್ತದೆ. ಪ್ಯಾಂಟು ಹಾಕಿಕೊಂಡು, ಮಂಡಿಯೂರಿ, ತೇಪೆ ಎಲ್ಲಿಂದ ಎಲ್ಲಿಯವರೆಗೆ ಬರಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ನಿಂತಾಗ ಮಂಡಿ ಇರುವ ಜಾಗವೂ ಕೂತಾಗ ನೆಲ ಮುಟ್ಟುವ ಜಾಗವೂ ಒಂದೇ ಅಲ್ಲ. ತೇಪೆ ಹಾಕಿದ ಪಕ್ಕದಲ್ಲೇ ಮತ್ತೆ ಹರಿಯುವುದಕ್ಕೆ ಅರ್ಧ ಕಾರಣ ಇದೇ.

ತೊಡೆಸಂದು ಹರಿಯುವುದು ಒದೆಯುವವರ ಪಾಡು. ಅಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿಗೆ ಬಂದು ಸೇರಿದ್ದರೆ ಕಾಲೆತ್ತಿದಾಗಲೆಲ್ಲ ಭಾರ ಆ ಬಿಂದುವಿಗೆ. ಒಳ್ಳೆಯ ಡ್ರೆಸ್ಸುಗಳಲ್ಲಿ ಅದಕ್ಕೇ ವಜ್ರಾಕಾರದ ಒಂದು ತುಂಡು ಸೇರಿಸಿರುತ್ತಾರೆ. ನಿಮ್ಮದರಲ್ಲಿ ಇಲ್ಲದಿದ್ದರೆ ಮತ್ತೆ ಮತ್ತೆ ಹೊಲಿಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ಹೊಲಿಗೆ ಕಮ್ಮಿಯಾಗಿಲ್ಲ, ಬಟ್ಟೆ ಕಮ್ಮಿಯಾಗಿದೆ. ಹೊಲಿಗೆ ಬಿಚ್ಚಿ, ವಜ್ರದ ಉದ್ದನೆ ತುದಿಗಳು ಎರಡೂ ಕಾಲಿನ ಒಳಭಾಗಕ್ಕೆ ಇಳಿಯುವಂತೆ ತುಂಡು ಸೇರಿಸಿ. ಕೈಯಲ್ಲಿ ಮಾಡುವುದು ಕಷ್ಟ, ಮೆಷಿನ್ ಇರುವವರ ಹತ್ತಿರ ಕೊಟ್ಟರೂ ನಡೆಯುತ್ತದೆ. ಆದರೆ ಏನು ಮಾಡಬೇಕು ಅಂತ ನೀವೇ ಹೇಳಿ. ಸುಮ್ನೆ "ಇದನ್ನು ಹೊಲಿದು ಕೊಡಿ" ಅಂದರೆ ಹರಿದ ಗೆರೆಯ ಮೇಲೆ ಇನ್ನೊಂದು ಗೆರೆ ಬರುತ್ತದೆ, ಅಷ್ಟೇ.

ದಾರಕ್ಕೆ ಪಾಲಿಯೆಸ್ಟರ್. ಹತ್ತಿ ದಾರ ಬೆವರಿಗೆ ಬೇಗ ಸೋಲುತ್ತದೆ. ತೀರಾ ದಪ್ಪ, ನೈಲಾನ್ ಹುರಿಯಂಥದ್ದೂ ಬೇಡ, ಅದು ಬಟ್ಟೆಯನ್ನೇ ಕೊಯ್ಯುತ್ತದೆ. ಮೆಷಿನ್ನಿಗೆ ಜೀನ್ಸ್ ಹೊಲಿಯುವ 16 ಅಥವಾ 18ನೇ ನಂಬರಿನ ಸೂಜಿ, ಹೊಲಿಗೆಯ ಉದ್ದ 3 ಮಿಲಿಮೀಟರಿಗಿಂತ ಕಮ್ಮಿ ಬೇಡ. ಕೈಯಲ್ಲಾದರೆ ಬ್ಯಾಕ್ ಸ್ಟಿಚ್: ಸೂಜಿ ಒಂದು ಹೆಜ್ಜೆ ಹಿಂದೆ ಇಳಿದು ಎರಡು ಹೆಜ್ಜೆ ಮುಂದೆ ಏಳಬೇಕು. ಒಂದು ಕಡೆ ದಾರ ತುಂಡಾದರೂ ಇಡೀ ಸಾಲು ಬಿಚ್ಚಿಕೊಳ್ಳುವುದಿಲ್ಲ. ದಪ್ಪ ಪದರದಲ್ಲಿ ಸೂಜಿ ಹಿಡಿದು ನಿಲ್ಲುತ್ತದೆ. ಬೆರಳಿಗೆ ಲೋಹದ ಟೋಪಿ ಹಾಕಿ ತಳ್ಳಿ, ಆ ಕಡೆಯಿಂದ ಸಣ್ಣ ಇಕ್ಕಳದಲ್ಲಿ ಎಳೆಯಿರಿ. ಇಕ್ಕಳ ಹಿಡಿದು ಹೊಲಿಯುವುದು ನೋಡಿದವರಿಗೆ ನಗು ಬರಬಹುದು, ಬರಲಿ.

ಬೆಲ್ಟ್ ಒಗೆಯಬಾರದು, ಒಗೆದರೆ ಸಾಧನೆಯೆಲ್ಲ ತೊಳೆದು ಹೋಗುತ್ತದೆ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಜೊತೆಗೆ ಒಂದು ಕತೆ: ಹಿಂದೆ ಬಿಳಿ ಬೆಲ್ಟ್ ಒಂದೇ ಇತ್ತಂತೆ, ವರ್ಷಗಟ್ಟಲೆ ಒಗೆಯದೇ ಕೊಳೆಯಾಗಿ ಕಪ್ಪಾಯಿತಂತೆ. ಕತೆ ಚೆನ್ನಾಗಿದೆ, ನಿಜವಲ್ಲ. ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೊ ಶಾಲೆ ಶುರು ಮಾಡಿದರು. ಮೇಲ್ದರ್ಜೆಯವರಿಗೆ ಕಪ್ಪು ಬೆಲ್ಟ್ ಬಂದಿದ್ದು ಅದೇ ದಶಕದಲ್ಲಿ, ಗುರುತಿಗೆಂದು ಬೇಕಂತಲೇ ಆರಿಸಿಕೊಂಡ ಬಣ್ಣವಾಗಿ. ನಡುವಿನ ಬಣ್ಣಗಳು ಜನಪ್ರಿಯವಾಗಿದ್ದು ಇನ್ನೂ ಆಮೇಲೆ, 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಶಿ ಅವರಿಂದ. ಕೊಳೆಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಹೊಟ್ಟೆಯ ಬೆವರನ್ನೆಲ್ಲ ಕುಡಿಯುವುದು ಬೆಲ್ಟೇ, ಮ್ಯಾಟ್ ಉಜ್ಜುವುದೂ ಅದೇ. ತಣ್ಣೀರಲ್ಲಿ ಬೇರೆಯಾಗಿ ಒಗೆದು ನೇತುಹಾಕಿ. ಕಪ್ಪು ಬೆಲ್ಟಿನ ಅಂಚು ಸವೆದು ಒಳಗಿನ ಬಿಳಿ ಕಂಡರೆ ಅದನ್ನು ಮಾತ್ರ ಹೊಲಿಯಲು ಹೋಗಬೇಡಿ. ಆ ಸವೆತಕ್ಕಾಗಿಯೇ ಬೆಲ್ಟ್ ಕಟ್ಟಿದವರು ಕಾದಿರುತ್ತಾರೆ. ಸವೆದ ಹಾಗೆ ಕಾಣಲಿ ಅಂತ ಕಲ್ಲಿಗೆ ಉಜ್ಜುವವರನ್ನೂ ನೋಡಿದ್ದೇನೆ.

ಕಾಲರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಅಲ್ಲಿ ನನ್ನ ಸಲಹೆ ತಿರುಗುತ್ತದೆ. ಉಳಿದ ಕಡೆ ರಿಪೇರಿ ನಿಮ್ಮ ಅನುಕೂಲಕ್ಕೆ. ಕಾಲರು ಎದುರಿನವರು ಹಿಡಿಯುವ ಜಾಗ. ಅಂಚಿನ ಹೊಲಿಗೆ ಬಿಟ್ಟಿದ್ದರೆ ಧಾರಾಳವಾಗಿ ಹೊಲಿಯಿರಿ, ಸಾಲು ಕಾಲರಿನ ಉದ್ದಕ್ಕೆ ಓಡಲಿ, ಗಂಟು ಪದರಗಳ ನಡುವೆ ಅಡಗಲಿ. ಆದರೆ ಹೊರಬಟ್ಟೆ ಹರಿದು ಬಾಯಿ ಬಿಟ್ಟಿದ್ದರೆ ಯೋಚಿಸಿ. ನಮ್ಮ ಕ್ಲಾಸಿನಲ್ಲಿ ಒಬ್ಬರ ಕಾಲರಿನ ತೂತಿಗೆ ಇನ್ನೊಬ್ಬರ ಬೆರಳು ಸಿಕ್ಕಿಕೊಂಡಿತು, ಅದೇ ಹೊತ್ತಿಗೆ ಎಸೆತ ಬಿತ್ತು. ಬೆರಳು ಬಹಳ ದಿನ ಪಟ್ಟಿಯಲ್ಲಿತ್ತು. ದಪ್ಪ ತೇಪೆಯೂ ಪರಿಹಾರವಲ್ಲ. ಕುತ್ತಿಗೆ ಹಿಸುಕುವ ಪಟ್ಟಿನಲ್ಲಿ ಅದರ ಗಂಟುಗಳು ಮುಖ ಕೆರೆಯುತ್ತವೆ. ಜೂಡೊ ಸ್ಪರ್ಧೆಯಲ್ಲಿ ಕಾಲರಿನ ದಪ್ಪಕ್ಕೂ ಮಿತಿ ಇದೆ, 1 ಸೆಂಟಿಮೀಟರ್ ಮೀರುವಂತಿಲ್ಲ. ಕರಾಟೆಯಲ್ಲಿ ಒಬ್ಬರೇ ಮಾಡುವ, ಕತಾ ಅನ್ನುವ ವರಸೆಗೆ ಅಂಥ ಜಾಕೆಟ್ಟು ನಡೆಯುತ್ತದೆ. ಹಿಡಿದು ಎಳೆಯುವ ಆಟಕ್ಕೆ ನಡೆಯುವುದಿಲ್ಲ.

ಯಾವ ರಿಪೇರಿಯೇ ಆಗಲಿ, ಕ್ಲಾಸಿಗೆ ಹಾಕಿಕೊಂಡು ಹೋಗುವ ಮೊದಲು ಮನೆಯಲ್ಲೇ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಜಗ್ಗಿ ನೋಡಿ. ದಾರ ಚಟಚಟ ಅಂದರೆ ಹೊಲಿಗೆ ತೀರಾ ಬಿಗಿಯಾಗಿದೆ, ಬಿಚ್ಚಿ ಸಡಿಲವಾಗಿ ಹಾಕಿ. ಬಟ್ಟೆ ಚರಚರ ಅಂದರೆ ಆ ಜಾಕೆಟ್ಟಿನ ಕೆಲಸ ಮುಗಿದಿದೆ. ಆಗ ಬೆನ್ನು ಮತ್ತು ಕೆಳಗಿನ ಭಾಗದಲ್ಲಿ ಗಟ್ಟಿ ಬಟ್ಟೆ ಎಷ್ಟು ಉಳಿದಿದೆ ನೋಡಿ. ಹಾಸಿನ ಗೆರೆ ಹಿಡಿದು ಕತ್ತರಿಸಿ, ಯಾವ ಕಡೆ ಉದ್ದ ಅಂತ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಹಾಕಿ ಮಡಿಸಿಡಿ. ಪ್ಯಾಂಟಿನ ಲಾಡಿ ಚೆನ್ನಾಗಿದ್ದರೆ ಅದನ್ನೂ ತೆಗೆದಿಡಿ. ಕಂಕುಳಿನ ಬಟ್ಟೆಯ ಮೇಲೆ ಆಸೆ ಬೇಡ. ನೋಡಲು ಚೆನ್ನಾಗಿಯೇ ಇರುತ್ತದೆ, ತೇಪೆಯಾಗಿ ಒಂದು ತಿಂಗಳೂ ನಿಲ್ಲುವುದಿಲ್ಲ.